ಪುಟ್ಟ ಮನೆ ನಿಂತ ನೆಲ

ಅಮೆರಿಕದ ಮಕ್ಕಳ ಕಾದಂಬರಿಯೊಂದರ ಮೊದಲ ಅಧ್ಯಾಯದಲ್ಲಿ ಒಂದು ಪದ 1935ರಿಂದ 1953ರವರೆಗೆ ಹಾಗೆಯೇ ಅಚ್ಚಾಗುತ್ತ ಬಂದಿತ್ತು. ವಿಸ್ಕಾನ್ಸಿನ್‌ನ ಕಾಡು ಬಿಟ್ಟು ಪಶ್ಚಿಮದ ಹುಲ್ಲುಗಾವಲಿಗೆ ಗಾಡಿ ಕಟ್ಟಿಕೊಂಡು ಹೊರಟ ಕುಟುಂಬವೊಂದರ ಕತೆ ಅದು. ತಾವು ಹೋಗಲಿರುವ ಸೀಮೆಯಲ್ಲಿ ಕಣ್ಣು ಹಾಯುವಷ್ಟು ದೂರಕ್ಕೂ ಹುಲ್ಲಿದೆ, ಕಾಡುಪ್ರಾಣಿಗಳು ಮೇಯುತ್ತ ಅಲೆಯುತ್ತವೆ, ಜನರು ಮಾತ್ರ ಇಲ್ಲ ಎಂದು ಲೇಖಕಿ ವರ್ಣಿಸಿದ್ದರು. ಆ ಬೆನ್ನಿಗೇ, ಅಲ್ಲಿ ವಾಸವಾಗಿರುವವರು ಇಂಡಿಯನ್ನರು ಮಾತ್ರ ಎಂಬ ಮಾತೂ ಇತ್ತು. 1952ರಲ್ಲಿ ಓದುಗರೊಬ್ಬರು ಹಾರ್ಪರ್ ಪ್ರಕಾಶನಕ್ಕೆ ಕಾಗದ ಬರೆದು ಈ ಸಾಲುಗಳಿಗೆ ಆಕ್ಷೇಪ ಎತ್ತಿದರು. ಇಂಡಿಯನ್ನರು ಜನರಲ್ಲವೇ ಎಂಬುದು ಆ ಆಕ್ಷೇಪದ ತಿರುಳು. ಪ್ರಕಾಶನದ ಸಂಪಾದಕಿ ಅರ್ಸುಲಾ ನಾರ್ಡ್‌ಸ್ಟ್ರಾಮ್ ವಿಷಯವನ್ನು ಲೇಖಕಿಗೆ ತಿಳಿಸಿದರು. ಆಗ 85 ವರ್ಷದ ವೃದ್ಧೆಯಾಗಿದ್ದ ಲಾರಾ ಇಂಗಲ್ಸ್ ವೈಲ್ಡರ್ ತಮ್ಮದು ಪ್ರಮಾದವೆಂದು ಒಪ್ಪಿಕೊಂಡರು. 1953ರ ಆವೃತ್ತಿಯಲ್ಲಿ 'ಜನರು' ಎಂಬ ಪದದ ಜಾಗಕ್ಕೆ 'ವಲಸಿಗ ಒಕ್ಕಲಿಗರು' ಎಂಬರ್ಥದ ಪದ ಬಂದು ಕೂತಿತು.

ಪದವೇನೋ ಬದಲಾಯಿತು. ಆದರೆ ಆ ಪದದ ಹಿಂದಿದ್ದ ಪ್ರಶ್ನೆ ಅಷ್ಟಕ್ಕೇ ಮುಗಿಯಲಿಲ್ಲ. ಅಮೆರಿಕದಲ್ಲಿ ಹೆಣ್ಣುಮಕ್ಕಳನ್ನು ನಾಯಕಿಯರನ್ನಾಗಿಸಿ ಬರೆದ ಐತಿಹಾಸಿಕ ಕಾದಂಬರಿಗಳ ಪರಂಪರೆಯೊಂದಿದೆ. ಎಂಟು ಹತ್ತು ವರ್ಷದ ಹುಡುಗಿಯೊಬ್ಬಳು ದೇಶದ ಇತಿಹಾಸದ ಯಾವುದೋ ಒಂದು ತಿರುವಿನಲ್ಲಿ ತನ್ನ ಅಪ್ಪ ಅಮ್ಮ, ತಮ್ಮ ತಂಗಿಯರೊಡನೆ ಬಾಳುವ ಕತೆಗಳು ಇವು. ಮೇಲುನೋಟಕ್ಕೆ ನಿರುಪದ್ರವಿ ಪುಸ್ತಕಗಳು. ಹಾಗೆ ನೋಡಿದರೆ, ಆ ದೇಶ ತನ್ನ ಬಗ್ಗೆ ತಾನು ನಡೆಸಿಕೊಂಡು ಬಂದಿರುವ ದೊಡ್ಡ ಜಗಳಗಳಲ್ಲಿ ಒಂದು ಈ ಪುಟ್ಟ ಪುಸ್ತಕಗಳ ಪುಟಗಳಲ್ಲೇ ನಡೆದಿದೆ. ಜಗಳದ ಮೂಲ, ನಮ್ಮ ಊರುಗಳ ಬಹುಪಾಲು ಜಗಳಗಳಂತೆಯೇ, ನೆಲ.

ಲಾರಾ ಹುಟ್ಟಿದ್ದು 1867ರಲ್ಲಿ, ವಿಸ್ಕಾನ್ಸಿನ್ ರಾಜ್ಯದ ಪೆಪಿನ್ ಊರಿನ ಸಮೀಪ. ಆಕೆಯ ಮೊದಲ ಪುಸ್ತಕ 'ಲಿಟ್ಲ್ ಹೌಸ್ ಇನ್ ದ ಬಿಗ್ ವುಡ್ಸ್' ಹೊರಬಂದದ್ದು 1932ರಲ್ಲಿ. ಆಗ ಆಕೆಗೆ 65 ವರ್ಷ. ಅಲ್ಲಿಂದ 1943ರ ತನಕ ಒಟ್ಟು ಎಂಟು ಪುಸ್ತಕಗಳು ಬಂದವು. ಅಷ್ಟು ಹೊತ್ತಿಗೆ ಅಮೆರಿಕ ರೈಲು, ಮೋಟಾರು, ರೇಡಿಯೋಗಳ ದೇಶವಾಗಿತ್ತು. ಎತ್ತು ಕುದುರೆಗಳ ಗಾಡಿಯಲ್ಲಿ ಹುಲ್ಲುಗಾವಲು ದಾಟಿದ ತಲೆಮಾರು ಕಣ್ಮರೆಯಾಗುತ್ತಿತ್ತು. ಮೇಲಾಗಿ ಅದು ಆರ್ಥಿಕ ಕುಸಿತದ ದಶಕ. ಕೆಲಸವಿಲ್ಲದೆ, ಬ್ಯಾಂಕಿನಲ್ಲಿದ್ದ ಹಣವೂ ಇಲ್ಲದೆ ಕೂತಿದ್ದ ಮನೆಗಳಿಗೆ, ಏನೂ ಇಲ್ಲದ ಬಯಲಿನಲ್ಲಿ ಕೊಡಲಿ ಬಂದೂಕಗಳಿಂದಲೇ ಸಂಸಾರ ಕಟ್ಟಿದ ಅಪ್ಪನ ಕತೆ ಹಿತವಾಗಿ ಕೇಳಿಸಿದ್ದರಲ್ಲಿ ಅಚ್ಚರಿಯಿಲ್ಲ.

ಈ ಪುಸ್ತಕಗಳ ನಿಜವಾದ ಸೊಗಸು ಇರುವುದು ಕೆಲಸದ ವಿವರಗಳಲ್ಲಿ. ಪೊಳ್ಳು ಮರದ ಬೊಡ್ಡೆಯೊಳಗೆ ಜಿಂಕೆಯ ಮಾಂಸವನ್ನು ತೂಗುಹಾಕಿ ಹೊಗೆಯಾಡಿಸುವುದು ಹೇಗೆ, ಮೇಪಲ್ ಮರದ ರಸ ಇಳಿಸಿ ಸಕ್ಕರೆ ಕಾಯಿಸುವುದು ಹೇಗೆ, ಬಾಗಿಲಿಗೆ ಮೊಳೆಯಿಲ್ಲದೆ ಕೀಲು ಕೂರಿಸುವುದು ಹೇಗೆ ಎಂಬುದನ್ನೆಲ್ಲ ಓದಿದ ಮಗು ತಾನೇ ಮಾಡಬಲ್ಲೆ ಎಂದುಕೊಳ್ಳುವಷ್ಟು ಸ್ಪಷ್ಟವಾಗಿ ಬರೆಯಲಾಗಿದೆ. ಚಳಿಗಾಲದಲ್ಲಿ ಬೆಣ್ಣೆ ಬಿಳಿಚಿಕೊಳ್ಳುತ್ತದೆಂದು ಅಮ್ಮ ಗಜ್ಜರಿ ತುರಿದು, ಹಾಲಿನಲ್ಲಿ ಕಾಯಿಸಿ, ಹಿಂಡಿದ ಕೇಸರಿ ಬಣ್ಣದ ಹಾಲನ್ನು ಕೆನೆಗೆ ಬೆರೆಸಿ ಕಡೆಯುತ್ತಾಳೆ. ಹಿಂಡಿ ಉಳಿದ ಗಜ್ಜರಿ ಮಕ್ಕಳ ಪಾಲು. ಮಜ್ಜಿಗೆ ಕಡೆದು ಬೆಣ್ಣೆ ತೆಗೆಯುವುದನ್ನು ಕಂಡ ಯಾವ ದೇಶದ ಮಗುವಿಗೂ ಈ ಪುಟ ಪರಕೀಯವೆನಿಸದು. ಈ ಮಾಲೆಯ ಕತೆಗಳು ಕನ್ನಡಕ್ಕೂ ಅನುವಾದಗೊಂಡು ಬಂದಾಗ ಇಲ್ಲಿನ ಓದುಗರು ಅವನ್ನು ಮೆಚ್ಚಿದ್ದಕ್ಕೆ ಇದೂ ಒಂದು ಕಾರಣವಿರಬೇಕು.

ಯುದ್ಧ, ಸಂಧಾನ, ಅಧ್ಯಕ್ಷರ ಸಾಲು ಇವೇ ಇತಿಹಾಸವೆಂದಾದರೆ ಅದರಲ್ಲಿ ಎಂಟು ವರ್ಷದ ಹುಡುಗಿಗೆ ಎಲ್ಲಿಯ ಸ್ಥಾನ? ಆಕೆಯನ್ನು ನಾಯಕಿಯಾಗಿ ಮಾಡಿದ ಕೂಡಲೇ ಕತೆ ತಾನಾಗಿ ಒಲೆಯ ಬಳಿಗೆ, ಹೊಲಿಗೆಯ ಬುಟ್ಟಿಯ ಬಳಿಗೆ, ಬಾಣಂತಿಯ ಕೋಣೆಗೆ, ಶಾಲೆಯ ಬೆಂಚಿಗೆ ಸರಿಯುತ್ತದೆ. ವಿಶ್ವವಿದ್ಯಾಲಯಗಳ ಇತಿಹಾಸಕಾರರು ಜನಸಾಮಾನ್ಯರ ದೈನಂದಿನ ಬದುಕನ್ನು ಅಧ್ಯಯನದ ವಿಷಯವಾಗಿ ವ್ಯಾಪಕವಾಗಿ ಎತ್ತಿಕೊಂಡದ್ದು 1960ರ ದಶಕದ ನಂತರ. ಹುಡುಗಿಯರ ಕಾದಂಬರಿಗಳು ಆ ಕೆಲಸವನ್ನು ಅದಕ್ಕೂ ಮೊದಲೇ, ಹೆಸರಿಡದೆ, ಮಾಡಿಕೊಂಡು ಬಂದಿದ್ದವು.

ಹಾಗಾದರೆ ಲಾರಾ ಬರೆದದ್ದು ಇತಿಹಾಸವೇ? ಅರ್ಧ ಮಾತ್ರ. ಆಕೆ ಮೊದಲು ದೊಡ್ಡವರಿಗಾಗಿ ಬರೆದಿಟ್ಟಿದ್ದ 'ಪಯೊನಿಯರ್ ಗರ್ಲ್' ಎಂಬ ಆತ್ಮಕಥೆಯ ಹಸ್ತಪ್ರತಿ 2014ರಲ್ಲಿ ಟಿಪ್ಪಣಿಗಳ ಸಮೇತ ಪ್ರಕಟವಾಯಿತು. 2017ರಲ್ಲಿ ಕ್ಯಾರೊಲಿನ್ ಫ್ರೇಸರ್ ಬರೆದ ಜೀವನಚರಿತ್ರೆ 'ಪ್ರೇರಿ ಫೈರ್ಸ್' ಬಂದು ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಪಡೆಯಿತು. ಇವುಗಳನ್ನು ಕಾದಂಬರಿಗಳ ಪಕ್ಕದಲ್ಲಿಟ್ಟು ಓದಿದರೆ ಏನೇನು ಬಿಟ್ಟುಹೋಗಿದೆ ಎಂಬುದು ಕಾಣುತ್ತದೆ. ಒಂಬತ್ತು ತಿಂಗಳಿಗೇ ತೀರಿಕೊಂಡ ತಮ್ಮ ಕಾದಂಬರಿಗಳಲ್ಲಿಲ್ಲ. ಅಯೋವಾ ರಾಜ್ಯದ ಬರ್ ಓಕ್ ಊರಿನ ಹೋಟೆಲಿನಲ್ಲಿ ಕುಟುಂಬ ದುಡಿದದ್ದು, ಸಾಲ ತೀರಿಸಲಾಗದೆ ರಾತ್ರೋರಾತ್ರಿ ಆ ಊರು ಬಿಟ್ಟದ್ದು ಇಲ್ಲ. ಕುರುಡಾದ ಅಕ್ಕ ಮೇರಿಯನ್ನು ಕಾಲೇಜಿಗೆ ಕಳಿಸಲು ಲಾರಾ ಹೊಲಿಗೆ ಮಾಡಿ, ಪಾಠ ಹೇಳಿ ಹಣ ಕೂಡಿಸಿದ್ದು ಕಾದಂಬರಿಯಲ್ಲಿದೆ. ಆ ಶಿಕ್ಷಣದ ಶುಲ್ಕವನ್ನು ಡಕೋಟಾ ಪ್ರಾಂತದ ಸರ್ಕಾರ ಕೊಟ್ಟದ್ದು ಮಾತ್ರ ಇಲ್ಲ. ಲಾರಾ ಅವರ ಮಗಳು ರೋಸ್ ವೈಲ್ಡರ್ ಲೇನ್ ಹೆಸರಾಂತ ಪತ್ರಕರ್ತೆ. ತಾಯಿಯ ಬರಹಗಳನ್ನು ತಿದ್ದಿ ರೂಪಿಸಿದಾಕೆ. ಸರ್ಕಾರದ ನೆರವಿಗೆ ಕೈಚಾಚುವುದನ್ನು ಕಂಡರೆ ಆಗದ ರಾಜಕೀಯ ಆಕೆಯದು. ಯಾರ ಹಂಗೂ ಇಲ್ಲದೆ ತಮ್ಮ ಕಾಲ ಮೇಲೆ ನಿಂತ ಕುಟುಂಬ ಎಂಬ ಚಿತ್ರ ಹೀಗೆ ತಾಯಿ ಮಗಳು ಇಬ್ಬರೂ ಕೂಡಿ ನೇಯ್ದದ್ದು. ಆ ಚಿತ್ರ ದೂರದೂರಕ್ಕೆ ಹೋಯಿತು. ಎರಡನೇ ಮಹಾಯುದ್ಧದಲ್ಲಿ ಸೋತ ಜಪಾನನ್ನು ಅಮೆರಿಕದ ಸೇನಾಡಳಿತ ನಿಯಂತ್ರಿಸುತ್ತಿದ್ದ ಕಾಲದಲ್ಲಿ, 1949ರಲ್ಲಿ, ಈ ಮಾಲೆಯ 'ದ ಲಾಂಗ್ ವಿಂಟರ್' ಜಪಾನಿ ಭಾಷೆಯಲ್ಲಿ ಪ್ರಕಟವಾಯಿತು. ಹಸಿವು, ಚಳಿಗಳಲ್ಲಿ ನಲುಗಿದ್ದ ಆ ಜನರಿಗೆ, ಒಣಹುಲ್ಲನ್ನೇ ಹುರಿಮಾಡಿ ಒಲೆಗೆ ಹಾಕಿ, ಕಾಫಿ ಬೀಜ ಪುಡಿಮಾಡುವ ಯಂತ್ರದಲ್ಲಿ ಗೋಧಿ ಬೀಸಿಕೊಂಡು ಒಂದು ಇಡೀ ಚಳಿಗಾಲ ಕಳೆದ ಕುಟುಂಬದ ಕತೆ ಎಷ್ಟು ಹತ್ತಿರದ್ದೆನಿಸಿರಬಹುದು!

ಈಗ ನೆಲದ ವಿಚಾರ. ಇಂಗಲ್ಸ್ ಕುಟುಂಬ 1869ರಿಂದ 1871ರ ತನಕ ಕಾನ್ಸಾಸ್‌ನಲ್ಲಿತ್ತು. ಕಾದಂಬರಿಯ ಲಾರಾ ಸುತ್ತಲಿನದೆಲ್ಲವನ್ನೂ ಗಮನಿಸುವ ಚೂಟಿ ಹುಡುಗಿ. ನಿಜದ ಲಾರಾ ಆಗ ಎರಡರಿಂದ ನಾಲ್ಕು ವರ್ಷದ ಕೂಸು. ಅಪ್ಪ ಮರದ ದಿಮ್ಮಿಗಳಿಂದ ಮನೆ ಕಟ್ಟಿದ ಜಾಗ ಇಂಡಿಪೆಂಡೆನ್ಸ್ ಪಟ್ಟಣದ ಹತ್ತಿರದ್ದು. ಅದು ಓಸೇಜ್ ಬುಡಕಟ್ಟಿನವರಿಗೆ ಒಪ್ಪಂದದ ಪ್ರಕಾರ ಮೀಸಲಾಗಿದ್ದ ನೆಲ. ಬಿಳಿಯ ವಲಸಿಗರಿಗೆ ಅಲ್ಲಿ ಒಕ್ಕಲು ಹೂಡಲು ಹಕ್ಕಿರಲಿಲ್ಲ. 1862ರ ಹೋಮ್‌ಸ್ಟೆಡ್ ಕಾಯಿದೆ ಸರ್ಕಾರಿ ಜಮೀನಿನಲ್ಲಿ ಐದು ವರ್ಷ ಉತ್ತು ಬಾಳಿದವರಿಗೆ 160 ಎಕರೆ ಕೊಡುತ್ತಿತ್ತು, ನಿಜ. ಆದರೆ ಇದು ಆ ಕಾಯಿದೆಗೆ ಒಳಪಟ್ಟ ನೆಲವೂ ಆಗಿರಲಿಲ್ಲ. ನಮ್ಮ ಕಂದಾಯ ಇಲಾಖೆಯ ಭಾಷೆಯಲ್ಲಿ ಹೇಳುವುದಾದರೆ ಅದು ಶುದ್ಧ ಒತ್ತುವರಿ. ಇಂಗಲ್ಸರಂತೆ ಸಾವಿರಾರು ಮಂದಿ ಇಂದಲ್ಲ ನಾಳೆ ಸರ್ಕಾರ ಇಂಡಿಯನ್ನರನ್ನು ಎಬ್ಬಿಸುತ್ತದೆ ಎಂಬ ಭರವಸೆಯ ಮೇಲೆ ಅಲ್ಲಿ ಬೇಲಿ ಹಾಕಿ ಕೂತಿದ್ದರು.

ಅವರ ಭರವಸೆ ಸುಳ್ಳಾಗಲಿಲ್ಲ. 1870ರಲ್ಲಿ ಅಮೆರಿಕದ ಸಂಸತ್ತು ಕಾಯಿದೆ ಮಾಡಿತು. ಓಸೇಜರು ಎಕರೆಗೆ 1.25 ಡಾಲರಿನಂತೆ ಕಾನ್ಸಾಸ್ ಬಿಟ್ಟುಕೊಟ್ಟು, ಈಗಿನ ಓಕ್ಲಹೋಮಾದಲ್ಲಿ ಚೆರೊಕೀ ಜನರಿಂದ ಬೇರೆ ನೆಲ ಕೊಂಡುಕೊಂಡು ಗುಳೆ ಹೋದರು. ಕಲ್ಲುಗುಡ್ಡಗಳ ಆ ನೆಲದಡಿ ಮುಂದೆ ತೈಲ ಸಿಕ್ಕಿ ಅವರು ಶ್ರೀಮಂತರಾದದ್ದು, ಆ ಐಶ್ವರ್ಯಕ್ಕಾಗಿ 1920ರ ದಶಕದಲ್ಲಿ ಅವರ ಕೊಲೆಗಳಾದದ್ದು ಮತ್ತೊಂದು ಕತೆ. ಡೇವಿಡ್ ಗ್ರಾನ್ ಅವರ ಪುಸ್ತಕ ಮತ್ತು ಅದನ್ನು ಆಧರಿಸಿದ 2023ರ ಸಿನಿಮಾದ ಮೂಲಕ ಅದು ಈಗ ಜಗತ್ತಿಗೆ ಗೊತ್ತಿದೆ. ಲಾರಾಳ ಪುಸ್ತಕದ ಕೊನೆಯಲ್ಲಿ ಕುದುರೆಗಳ ಮೇಲೆ ಸಾಲಾಗಿ, ಗಂಟೆಗಟ್ಟಲೆ, ಮನೆಯ ಮುಂದೆ ಹಾದುಹೋಗುವವರು ಇದೇ ಜನ.

ಕಾದಂಬರಿಯಲ್ಲಿ ಅಪ್ಪ ಮನೆ ಬಿಡುವುದು ಸರ್ಕಾರದ ಮೇಲೆ ಮುನಿದು. ಸೈನಿಕರು ಬಂದು ಎಬ್ಬಿಸುತ್ತಾರೆಂಬ ಸುದ್ದಿ ಕೇಳಿ, ಅದಕ್ಕೆ ಮೊದಲೇ ಗಾಡಿ ಹೂಡುತ್ತಾನೆ. ನಿಜವಾದ ಕಾರಣ ಇನ್ನೂ ಸಾಧಾರಣವಾದದ್ದು. ವಿಸ್ಕಾನ್ಸಿನ್‌ನಲ್ಲಿ ಅವರ ಹಳೆಯ ಜಮೀನು ಕೊಂಡವನು ಬಾಕಿ ಹಣ ಕೊಡಲಾಗದೆ ಜಮೀನನ್ನೇ ವಾಪಸು ಮಾಡಲು ಮುಂದಾದ. ಹಿಂದಿರುಗಲು ಅವರಿಗೊಂದು ಮನೆಯಿತ್ತು. ಓಸೇಜರಿಗೆ ಇರಲಿಲ್ಲ.

ಇಷ್ಟು ಹೇಳಿದ ಮೇಲೆ ಪುಸ್ತಕದ ಬಗ್ಗೆ ಒಂದು ಮಾತು ಹೇಳಲೇಬೇಕು. ಅದು ಏಕಮುಖಿ ಪುಸ್ತಕವಲ್ಲ. ಅಮ್ಮನಿಗೆ ಇಂಡಿಯನ್ನರೆಂದರೆ ಭಯ, ಹೇಸಿಗೆ. ನೆರೆಯವರದು ದ್ವೇಷ. ಸತ್ತ ಇಂಡಿಯನ್ನನೇ ಒಳ್ಳೆಯ ಇಂಡಿಯನ್ ಎಂಬ ಆ ಕಾಲದ ಗಾದೆಯನ್ನು ಅವರು ಮನೆಯೊಳಗೆ ತರುತ್ತಾರೆ. ಅಪ್ಪ ಅದನ್ನು ಒಪ್ಪುವುದಿಲ್ಲ. ಇಡೀ ಸಂಸಾರ ಮಲೇರಿಯಾದಲ್ಲಿ ಮಲಗಿದಾಗ ಬದುಕಿಸುವ ಡಾಕ್ಟರ್ ಟ್ಯಾನ್ ಕರಿಯ ಜನಾಂಗದವರು. ಜಾರ್ಜ್ ಟ್ಯಾನ್ ಎಂಬ ಆ ವೈದ್ಯ ನಿಜಕ್ಕೂ ಅಲ್ಲಿ ಬಾಳಿದ್ದವರು. ಎಲ್ಲಕ್ಕಿಂತ ಹೆಚ್ಚಾಗಿ, ಇಂಡಿಯನ್ನರು ಇಷ್ಟವಿಲ್ಲವೆಂದಾದರೆ ನಾವು ಅವರ ಸೀಮೆಗೆ ಬಂದದ್ದೇಕೆ ಎಂದು ಪುಟ್ಟ ಲಾರಾ ಅಮ್ಮನನ್ನು ಕೇಳಿಬಿಡುತ್ತಾಳೆ. ಅಮ್ಮನ ಬಳಿ ಉತ್ತರವಿಲ್ಲ. ಬಾಯಿ ಮುಚ್ಚಿಸುವುದಷ್ಟೇ ಆಕೆಗೆ ಗೊತ್ತು. ಮೂರು ವರ್ಷದ ಮಗು ಈ ಪ್ರಶ್ನೆ ಕೇಳಿರಲಾರದು. ಅರವತ್ತು ದಾಟಿದ ಲೇಖಕಿ ಕೇಳಿಕೊಂಡದ್ದಿರಬಹುದು.

ದೊಡ್ಡವರು ಓದುವಾಗ ಈ ಒಳದನಿಗಳು ಕೇಳಿಸುತ್ತವೆ. ತರಗತಿಯಲ್ಲಿ ಗಟ್ಟಿಯಾಗಿ ಓದಿಸುವಾಗ ಏನಾಗುತ್ತದೆ ಎಂಬುದಕ್ಕೆ 1998ರಲ್ಲಿ ಮಿನ್ನೆಸೋಟಾದಲ್ಲಿ ನಡೆದ ಪ್ರಸಂಗವನ್ನು ಅಮೆರಿಕದ ಶಿಕ್ಷಣ ವಲಯದಲ್ಲಿ ಈಗಲೂ ನೆನೆಯುತ್ತಾರೆ. ಡಕೋಟಾ ಬುಡಕಟ್ಟಿನ ಎಂಟು ವರ್ಷದ ಹುಡುಗಿಯೊಬ್ಬಳು ಅಳುತ್ತಾ ಮನೆಗೆ ಬಂದಳು. ಆ ದಿನ ತರಗತಿಯಲ್ಲಿ ಆ ಗಾದೆಯ ಪುಟವನ್ನು ಓದಲಾಗಿತ್ತು. ಆಕೆಯ ತಾಯಿ ಶಾಲಾ ಮಂಡಳಿಯ ಮುಂದೆ ದೂರು ಒಯ್ದರು. ಪುಸ್ತಕವನ್ನು ತೆಗೆದುಹಾಕಬೇಕೆ, ಇಟ್ಟುಕೊಳ್ಳಬೇಕೆ ಎಂಬ ವಾದ ಆ ಜಿಲ್ಲೆಯನ್ನು ದಾಟಿ ಹೊರಗೂ ಹಬ್ಬಿತು.

ಎರಡು ದಶಕಗಳ ನಂತರ ವಾದ ರಾಷ್ಟ್ರಮಟ್ಟಕ್ಕೆ ಬಂತು. ಅಮೆರಿಕದ ಗ್ರಂಥಾಲಯ ಸಂಘದ ಮಕ್ಕಳ ವಿಭಾಗ 1954ರಲ್ಲಿ ವೈಲ್ಡರ್ ಹೆಸರಿನ ಪ್ರಶಸ್ತಿಯೊಂದನ್ನು ಸ್ಥಾಪಿಸಿ ಮೊದಲ ಬಾರಿಗೆ ಅದನ್ನು ಸ್ವತಃ ಲಾರಾ ಅವರಿಗೇ ನೀಡಿತ್ತು. 2018ರ ಜೂನ್‌ನಲ್ಲಿ ಅದೇ ವಿಭಾಗ ಪ್ರಶಸ್ತಿಯಿಂದ ಆಕೆಯ ಹೆಸರನ್ನು ತೆಗೆದು, 'ಮಕ್ಕಳ ಸಾಹಿತ್ಯ ಪರಂಪರೆ'ಯ ಪ್ರಶಸ್ತಿ ಎಂದು ಕರೆಯಿತು. ಪುಸ್ತಕಗಳನ್ನು ಓದಬಾರದೆಂದಲ್ಲ, ಎಲ್ಲ ಮಕ್ಕಳಿಗೂ ಸೇರಿದ ಗೌರವಕ್ಕೆ ಈ ಹೆಸರು ಹೊಂದುವುದಿಲ್ಲವೆಂದಷ್ಟೇ ತಮ್ಮ ತೀರ್ಮಾನ ಎಂದು ವಿಭಾಗ ಸ್ಪಷ್ಟೀಕರಿಸಿತು. ಬಾಲ್ಯವಿಡೀ ಆ ಪುಸ್ತಕಗಳನ್ನೇ ದಿಂಬಿನಡಿ ಇಟ್ಟುಕೊಂಡು ಬೆಳೆದ ಅನೇಕರಿಗೆ ಇದು ಮನೆಯ ಅಜ್ಜಿಯ ಪಟವನ್ನು ಗೋಡೆಯಿಂದ ಇಳಿಸಿದಂತೆ ಅನ್ನಿಸಿತು. ಪಟ ಇಳಿಸಿದ್ದರಿಂದ ಆ ಮಗುವಿನ ಅಳು ನಿಂತೀತೇ ಎಂಬುದು ಬೇರೆ ಮಾತು. ಇಂಥ ಪುಸ್ತಕಕ್ಕೆ ಸರಿಯಾದ ಉತ್ತರ ಕೊಡಬಲ್ಲದ್ದು ಸಮಿತಿಯ ಠರಾವಿಗಿಂತ ಇನ್ನೊಂದು ಪುಸ್ತಕವೇ.

ಆ ಉತ್ತರ 1999ರಲ್ಲೇ ಬಂದಿತ್ತು. ಲೂಯಿಸ್ ಅರ್ಡ್ರಿಕ್ ಅಮೆರಿಕದ ಪ್ರಮುಖ ಕಾದಂಬರಿಕಾರ್ತಿ, ಓಜಿಬ್ವೆ ಜನಾಂಗದ ಟರ್ಟಲ್ ಮೌಂಟನ್ ಸಮುದಾಯಕ್ಕೆ ಸೇರಿದವರು. ಮಕ್ಕಳಿಗಾಗಿ ಬರೆದು, ಚಿತ್ರಗಳನ್ನೂ ತಾವೇ ಬಿಡಿಸಿದ ಅವರ 'ದ ಬರ್ಚ್‌ಬಾರ್ಕ್ ಹೌಸ್' ನಡೆಯುವುದು 1847ರಲ್ಲಿ, ಸುಪೀರಿಯರ್ ಸರೋವರದ ಮ್ಯಾಡೆಲಿನ್ ದ್ವೀಪದಲ್ಲಿ. ಲಾರಾ ಹುಟ್ಟಿದ ವಿಸ್ಕಾನ್ಸಿನ್ ರಾಜ್ಯದಲ್ಲೇ, ಆಕೆ ಹುಟ್ಟುವುದಕ್ಕೆ 20 ವರ್ಷ ಮೊದಲು. ನಾಯಕಿ ಒಮಕಾಯಸ್‌ಗೆ ಏಳು ವರ್ಷ. ಬೇಸಿಗೆಯಲ್ಲಿ ಬರ್ಚ್ ಮರದ ತೊಗಟೆಯ ಹೊಸ ಮನೆ ಕಟ್ಟುವುದರಿಂದ ಕತೆ ಶುರುವಾಗಿ ನಾಲ್ಕು ಋತುಗಳಲ್ಲಿ ಸುತ್ತುತ್ತದೆ. ಲಾರಾಳ ಮೊದಲ ಪುಸ್ತಕವೂ ಹೀಗೆಯೇ ಋತುಚಕ್ರದಲ್ಲಿ ಸಾಗುವಂಥದು. ಇಲ್ಲಿಯೂ ಚರ್ಮ ಹದಮಾಡುವುದು, ಮೇಪಲ್ ರಸ ಕಾಯಿಸುವುದು, ಕಾಡುಬತ್ತ ಕೂಡಿಡುವುದು, ಅಕ್ಕನ ಚೆಲುವಿನ ಮೇಲೆ ತಂಗಿಯ ಅಸೂಯೆ, ತಮ್ಮನ ಕಾಟ. ಎರಡು ಪುಸ್ತಕಗಳನ್ನೂ ಓದಿದ ಮಗುವಿಗೆ ಇಬ್ಬರು ಹುಡುಗಿಯರೂ ಗೆಳತಿಯರಾಗಬಹುದಿತ್ತಲ್ಲ ಎನಿಸದೆ ಇರದು.

ಆದರೆ ಚಳಿಗಾಲದಲ್ಲಿ ಸಿಡುಬು ಬರುತ್ತದೆ. ಊರಿಗೆ ಬಂದ ಅಪರಿಚಿತನೊಬ್ಬನಿಂದ ಹಬ್ಬಿದ ರೋಗ ಒಮಕಾಯಸ್ ಎದೆಗವಚಿಕೊಂಡು ಬೆಳೆಸಿದ ಪುಟ್ಟ ತಮ್ಮನನ್ನು ಕೊಂಡೊಯ್ಯುತ್ತದೆ. ಲಾರಾಳ ಕಾದಂಬರಿಗಳು ಸತ್ತ ತಮ್ಮನನ್ನು ಕತೆಯಿಂದಲೇ ಹೊರಗಿಟ್ಟವು. ಅರ್ಡ್ರಿಕ್ ಆ ಸಾವನ್ನು ಕತೆಯ ನಟ್ಟನಡುವೆ ಇರಿಸಿದರು. ಮಕ್ಕಳು ಅದನ್ನು ತಾಳಿಕೊಳ್ಳಬಲ್ಲರು ಎಂಬ ವಿಶ್ವಾಸ ಅವರದು.

2005ರಲ್ಲಿ ಬಂದ ಎರಡನೇ ಪುಸ್ತಕ 'ದ ಗೇಮ್ ಆಫ್ ಸೈಲೆನ್ಸ್'ನಲ್ಲಿ ದೋಣಿಗಳ ತುಂಬ ಹಸಿದ, ಹರಕು ಬಟ್ಟೆಯ ಜನ ದ್ವೀಪಕ್ಕೆ ಬಂದಿಳಿಯುತ್ತಾರೆ. ಪಶ್ಚಿಮದಿಂದ ಓಡಿಸಲ್ಪಟ್ಟವರು. 1850ರಲ್ಲಿ ಅಧ್ಯಕ್ಷ ಝಾಕರಿ ಟೇಲರ್ ಓಜಿಬ್ವೆಗಳು ತಮ್ಮ ನೆಲ ಬಿಟ್ಟು ಹೋಗಬೇಕೆಂದು ಆದೇಶಿಸಿದ್ದು ಚರಿತ್ರೆಯ ಸಂಗತಿ. ಅವರಿಗೆ ವರ್ಷವರ್ಷ ಸಲ್ಲಬೇಕಿದ್ದ ಹಣ ಮತ್ತು ಪಡಿತರವನ್ನು ವಿಸ್ಕಾನ್ಸಿನ್‌ನಲ್ಲಿ ಕೊಡುವುದು ಬಿಟ್ಟು ಮಿನ್ನೆಸೋಟಾದ ಸ್ಯಾಂಡಿ ಲೇಕ್‌ನಲ್ಲಿ ಕೊಡುವುದಾಗಿ ಅಧಿಕಾರಿಗಳು ಹೇಳಿದರು. ಸರಿಯಾಗಿ ಚಳಿ ಶುರುವಾಗುವ ಹೊತ್ತಿಗೆ ಅಲ್ಲಿಗೆ ಹೋದ ಜನ ವಾರಗಟ್ಟಲೆ ಕಾದರು. ಕೊಳೆತ ಆಹಾರ, ಸಾಂಕ್ರಾಮಿಕ ರೋಗ, ಹಿಂದಿರುಗುವ ದಾರಿಯ ಹಿಮ ಇವುಗಳಿಂದ ಸುಮಾರು 400 ಮಂದಿ ಸತ್ತರು. ಒಮಕಾಯಸ್‌ಳ ಕುಟುಂಬವೂ ಮುಂದಿನ ಪುಸ್ತಕಗಳಲ್ಲಿ ದ್ವೀಪ ಬಿಟ್ಟು ಪಶ್ಚಿಮಕ್ಕೆ ಹೊರಡುತ್ತದೆ. ಲಾರಾಳ ಅಪ್ಪನಿಗೆ ಪಶ್ಚಿಮವೆಂದರೆ ಅವಕಾಶ. ಇವರಿಗೆ ಅದು ಉಳಿದ ಒಂದೇ ದಾರಿ.

ಅಮೆರಿಕದ ದಕ್ಷಿಣಕ್ಕೆ ಬಂದರೆ ನೆಲದ ಕತೆ ಮತ್ತೊಂದು ಬಗೆಯದು. ಮಿಲ್ಡ್ರೆಡ್ ಟೇಲರ್ ಅವರ 'ರೋಲ್ ಆಫ್ ಥಂಡರ್, ಹಿಯರ್ ಮೈ ಕ್ರೈ' 1976ರಲ್ಲಿ ಪ್ರಕಟವಾಗಿ ಮರುವರ್ಷ ಅಮೆರಿಕದ ಮಕ್ಕಳ ಸಾಹಿತ್ಯದ ಶ್ರೇಷ್ಠ ಗೌರವವಾದ ನ್ಯೂಬೆರಿ ಪದಕ ಪಡೆಯಿತು. ಲಾರಾ ಐದು ಬಾರಿ ಸನಿಹಕ್ಕೆ ಬಂದೂ ಪಡೆಯದ ಪದಕ ಅದು. ಕತೆಯ ಕಾಲ 1933, ಸ್ಥಳ ಮಿಸಿಸಿಪ್ಪಿ, ನಾಯಕಿ ಒಂಬತ್ತು ವರ್ಷದ ಕ್ಯಾಸಿ ಲೋಗನ್ ಎಂಬ ಕರಿಯ ಹುಡುಗಿ. ಸುತ್ತಲಿನ ಕರಿಯರೆಲ್ಲ ಬಿಳಿಯ ಜಮೀನುದಾರರ ಹೊಲಗಳಲ್ಲಿ ಪಾಲಿಗೆ ಗೇಯುವವರು. ಲೋಗನ್ ಕುಟುಂಬಕ್ಕೆ ಮಾತ್ರ ಸ್ವಂತ 400 ಎಕರೆ ಇದೆ. ಗುಲಾಮನಾಗಿ ಹುಟ್ಟಿದ ಅಜ್ಜ 1887ರಲ್ಲಿ ಅರ್ಧ, 1918ರಲ್ಲಿ ಇನ್ನರ್ಧ ಕೊಂಡದ್ದು. ಎರಡನೇ ಅರ್ಧದ ಮೇಲಿನ ಸಾಲ, ಇಡೀ ಜಮೀನಿನ ಕಂದಾಯ ಇವುಗಳಿಗಾಗಿ ಅಪ್ಪ ದೂರದ ಲೂಯಿಸಿಯಾನಾದಲ್ಲಿ ರೈಲು ಕಂಬಿ ಹಾಕುವ ಕೂಲಿಗೆ ಹೋಗುತ್ತಾನೆ. ಒಂದು ತುಂಡು ನೆಲಕ್ಕಾಗಿ ಇಷ್ಟೆಲ್ಲ ಏಕೆ ಎಂದು ಮಗಳಿಗೆ ಅರ್ಥವಾಗುವುದಿಲ್ಲ. ಅದು ಅರ್ಥವಾಗುವುದೇ ಕಾದಂಬರಿ.

ಮೊದಲ ಅಧ್ಯಾಯದ ದೃಶ್ಯವೊಂದನ್ನು ಓದಿದವರು ಮರೆಯಲಾರರು. ಕ್ಯಾಸಿಯ ಆರು ವರ್ಷದ ತಮ್ಮ, ಬಟ್ಟೆಗೆ ಒಂದು ಹನಿ ಕೆಸರು ತಾಗಿದರೂ ಸಹಿಸದವನು, ಮೊದಲ ಬಾರಿಗೆ ತನ್ನದೆನ್ನುವ ಪಠ್ಯಪುಸ್ತಕಕ್ಕಾಗಿ ಕೈಚಾಚುತ್ತಾನೆ. ಸಿಕ್ಕದ್ದು ಕೊಳಕಾದ, ಹರಿದ ಪುಸ್ತಕ. ಬೇರೆಯದು ಕೊಡಿ ಎಂದು ಕೇಳಿದರೆ ಗದರಿಕೆ. ಆಮೇಲೆ ಒಳರಕ್ಷಾಪುಟದಲ್ಲಿ ಅಂಟಿಸಿದ ಪಟ್ಟಿ ಅವನ ಕಣ್ಣಿಗೆ ಬೀಳುತ್ತದೆ. ಪುಸ್ತಕ ಯಾವ ವರ್ಷ ಯಾರಿಗೆ ಹೋಯಿತು, ಆಗ ಹೇಗಿತ್ತು ಎಂಬ ದಾಖಲೆ. ಹೊಸದಾಗಿದ್ದಾಗಿನಿಂದ ಹನ್ನೊಂದು ಸಲ ಬಿಳಿಯ ಮಕ್ಕಳ ಕೈಗೆ ಹೋಗಿ, 'ತೀರಾ ಕೆಟ್ಟಿದೆ' ಎಂದು ನಮೂದಾದ ಮೇಲೆ ಹನ್ನೆರಡನೆಯ ಸಲ ಅದು ಕರಿಯರ ಶಾಲೆಗೆ ಬಂದಿದೆ. ಜನಾಂಗದ ಅಂಕಣದಲ್ಲಿ ಕರಿಯರನ್ನು ಹೀಯಾಳಿಸುವ ಪದ. ಹುಡುಗ ಪುಸ್ತಕವನ್ನು ನೆಲಕ್ಕೆ ಎಸೆದು ತುಳಿಯುತ್ತಾನೆ. ಅಕ್ಕ ತನಗೂ ಬೇಡವೆನ್ನುತ್ತಾಳೆ. ಇಬ್ಬರಿಗೂ ಏಟು. ಅದೇ ಶಾಲೆಯ ಶಿಕ್ಷಕಿಯಾದ ತಾಯಿ ವಿಷಯ ತಿಳಿದು ಮಾಡುವುದಿಷ್ಟು: ಕಾಗದ ಕತ್ತರಿಸಿ, ಗೋಂದು ಹಚ್ಚಿ, ತನ್ನ ತರಗತಿಯ ಪುಸ್ತಕಗಳ ಆ ಪಟ್ಟಿಯ ಮೇಲೆ ಒಂದೊಂದಾಗಿ ಅಂಟಿಸುತ್ತ ಹೋಗುತ್ತಾಳೆ. ಜನಾಂಗ ಭೇದದ ವ್ಯವಸ್ಥೆ ಹೇಗೆ ನಡೆಯುತ್ತಿತ್ತು ಎಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಇತಿಹಾಸದ ಪಾಠ ವಿರಳ. ಶಾಲೆಯ ಹೊರಗೆ ಕೂರಿಸಿದ್ದು, ದೂರದಿಂದ ಸ್ಲೇಟು ಎಸೆದದ್ದು ಮೊದಲಾದ ದಲಿತ ಆತ್ಮಕಥೆಗಳ ಪುಟಗಳನ್ನು ಓದಿದ ಕನ್ನಡಿಗರಿಗೆ ವಿವರಣೆಯೂ ಬೇಕಿಲ್ಲ.

ತಮಾಷೆಯೆಂದರೆ ಈ ಪುಸ್ತಕವೂ ಆಕ್ಷೇಪಕ್ಕೆ ಒಳಗಾದದ್ದೇ. ಹೀಯಾಳಿಕೆಯ ಪದಗಳು ಮಕ್ಕಳ ಕಿವಿಗೆ ಬೀಳಬಾರದೆಂದು ಪಾಲಕರು ದೂರಿತ್ತ ಪುಸ್ತಕಗಳ ಪಟ್ಟಿಯಲ್ಲಿ ಇದು ಮತ್ತೆ ಮತ್ತೆ ಕಾಣಿಸಿಕೊಂಡಿದೆ. ಟೇಲರ್ ತಮ್ಮ ನಿಲುವನ್ನು ಬಿಚ್ಚಿ ಹೇಳಿದ್ದಾರೆ. ತಂದೆ ಹೇಳಿದ ಕತೆಗಳಲ್ಲಿ ನೋವು ಹೇಗಿತ್ತೋ ಹಾಗೆಯೇ ಬರೆಯುತ್ತೇನೆ, ಇತಿಹಾಸಕ್ಕೆ ಸುಣ್ಣ ಬಳಿಯಲಾರೆ ಎಂಬುದು ಅದರ ಸಾರ. ಲಾರಾಳ ಪುಸ್ತಕದ ಗಾದೆಗೂ ಕ್ಯಾಸಿಯ ಪುಸ್ತಕದ ಬೈಗುಳಕ್ಕೂ ವ್ಯತ್ಯಾಸವಿದೆ. ಒಂದರಲ್ಲಿ ಆ ಮಾತು ಯಾರ ಮೇಲೆ ಬೀಳುತ್ತದೋ ಅವರಿಗೆ ಕತೆಯಲ್ಲಿ ಬಾಯಿಯಿಲ್ಲ. ಇನ್ನೊಂದರಲ್ಲಿ ಕತೆ ಹೇಳುತ್ತಿರುವವಳೇ ಅವಳು.

ಈ ಬಗೆಯ ಪುಸ್ತಕಗಳು ದೊಡ್ಡ ವ್ಯಾಪಾರವಾದದ್ದೂ ಉಂಟು. ಪಠ್ಯಪುಸ್ತಕ ಬರೆಯುತ್ತಿದ್ದ ಪ್ಲೆಸೆಂಟ್ ರೋಲಂಡ್ ಎಂಬ ಮಹಿಳೆ 1986ರಲ್ಲಿ ವಿಸ್ಕಾನ್ಸಿನ್‌ನಲ್ಲೇ 'ಅಮೆರಿಕನ್ ಗರ್ಲ್' ಗೊಂಬೆಗಳನ್ನು ಹೊರತಂದರು. 18 ಅಂಗುಲದ ಒಂದೊಂದು ಗೊಂಬೆಯೂ ಇತಿಹಾಸದ ಒಂದೊಂದು ಕಾಲದ ಹುಡುಗಿ. ಒಬ್ಬೊಬ್ಬಳಿಗೂ ಆರು ಪುಟ್ಟ ಪುಸ್ತಕ, ಆ ಕಾಲದ ಉಡುಪು, ಊಟದ ಡಬ್ಬಿ, ಮಂಚ. 1998ರಲ್ಲಿ ಮ್ಯಾಟೆಲ್ ಕಂಪನಿ ಇದನ್ನು 70 ಕೋಟಿ ಡಾಲರಿಗೆ ಕೊಂಡಿತು. ಇತಿಹಾಸ ಅಂಗಡಿ ಸರಕಾಯಿತೆಂದು ಮೂಗು ಮುರಿಯುವುದು ಸುಲಭ. ಆದರೆ 1993ರಲ್ಲಿ ಬಂದ ಆಡಿ ವಾಕರ್ ಎಂಬ ಗುಲಾಮ ಹುಡುಗಿಯ ಕತೆಯನ್ನು ಓದಿದವರು ಸ್ವಲ್ಪ ತಡೆಯುತ್ತಾರೆ. ಕಾನಿ ಪೋರ್ಟರ್ ಬರೆದ ಆ ಕತೆಯಲ್ಲಿ, ಹೊಗೆಸೊಪ್ಪಿನ ಎಲೆಗಳಿಂದ ಹುಳು ಆರಿಸುವ ಕೆಲಸದಲ್ಲಿ ಒಂಬತ್ತರ ಹುಡುಗಿ ಮೈಮರೆತಾಗ, ಮೇಸ್ತ್ರಿ ಉಳಿದ ಹುಳುಗಳನ್ನು ಅವಳ ಬಾಯಿಗೇ ತುರುಕುತ್ತಾನೆ. ತಾಯಿ ಮಗಳು ಉತ್ತರದ ಫಿಲಡೆಲ್ಫಿಯಾಕ್ಕೆ ಓಡುವಾಗ ಅಳುವ ಹಸುಗೂಸನ್ನು ಹಿಂದೆ ಬಿಟ್ಟು ಹೋಗಬೇಕಾಗುತ್ತದೆ. ಗೊಂಬೆಯ ಜೊತೆ ಮಾರುವ ಪುಸ್ತಕ ಇಷ್ಟು ಹೇಳಲು ಹಿಂಜರಿಯಲಿಲ್ಲ. ಮಾಲೆಯ ಮೊದಲ ಕರಿಯ ಹುಡುಗಿ ಗುಲಾಮಳೇ ಆಗಬೇಕಿತ್ತೇ ಎಂಬ ಪ್ರಶ್ನೆಯೂ ಎದ್ದಿತು, ಅದೂ ನ್ಯಾಯವೇ.

1996ರಲ್ಲಿ ಸ್ಕೊಲಾಸ್ಟಿಕ್ ಪ್ರಕಾಶನ ಆರಂಭಿಸಿದ 'ಡಿಯರ್ ಅಮೆರಿಕ' ಮಾಲೆ ಎಡವಿದ್ದು ಬೇರೆ ಕಡೆ. ಹುಡುಗಿಯರ ದಿನಚರಿಯ ರೂಪದ ಈ ಕಾದಂಬರಿಗಳ ಮುಖಪುಟದಲ್ಲಿ ಲೇಖಕರ ಹೆಸರಿರುತ್ತಿರಲಿಲ್ಲ. ಎಷ್ಟೋ ಮಕ್ಕಳು ಇವು ನಿಜವಾದ ಡೈರಿಗಳೆಂದೇ ನಂಬಿದರು. 1999ರ ಒಂದು ಪುಸ್ತಕದ ವಸ್ತು ಪೆನ್ಸಿಲ್ವೇನಿಯಾದ ಕಾರ್ಲೈಲ್ ವಸತಿಶಾಲೆ. ಇಂಡಿಯನ್ ಮಕ್ಕಳನ್ನು ಮನೆಗಳಿಂದ ತಂದು, ಕೂದಲು ಕತ್ತರಿಸಿ, ತಾಯಿನುಡಿ ಬಿಡಿಸಿ 'ನಾಗರಿಕ'ರನ್ನಾಗಿಸಲು 1879ರಿಂದ 1918ರ ತನಕ ನಡೆದ ಶಾಲೆ ಅದು. ಕಾದಂಬರಿಯ ನಾಯಕಿ ಆ ಶಾಲೆಗೆ ಬಹುಪಾಲು ಹೊಂದಿಕೊಳ್ಳುತ್ತಾಳೆ. ಲೇಖಕಿ ಆ್ಯನ್ ರಿನಾಲ್ಡಿ ಪಾತ್ರಗಳಿಗೆ ಇಟ್ಟ ಹೆಸರುಗಳನ್ನು ಅಲ್ಲಿಯೇ ಸತ್ತ ಮಕ್ಕಳ ಸಮಾಧಿಯ ಕಲ್ಲುಗಳಿಂದ ಆಯ್ದುಕೊಂಡಿದ್ದರು. ಮೂಲನಿವಾಸಿ ಸಮುದಾಯಗಳ ವಿದ್ವಾಂಸರು ಮತ್ತು ತಾಯಂದಿರು ಈ ಪುಸ್ತಕದ ಒಂದೊಂದು ಪುಟವನ್ನೂ ಬಿಡಿಸಿ ಖಂಡಿಸಿದರು. ಊರಿಗೆ ಮರಳದ ಮಕ್ಕಳ ಹೆಸರುಗಳನ್ನು ಹೀಗೆ ಬಳಸಿದ್ದು ಅವರಿಗೆ ಎಲ್ಲಕ್ಕಿಂತ ಹೆಚ್ಚು ನೋವು ತಂದಿತು.

ಭಾರತದವರಿಗೆ ಈ ಸಾಹಿತ್ಯದಲ್ಲಿ ಜಾಗ ಸಿಕ್ಕಿದ್ದು ತಡವಾಗಿ. 1965ರ ವಲಸೆ ಕಾನೂನಿನ ನಂತರ ಅಲ್ಲಿಗೆ ಹೋದ ಡಾಕ್ಟರು, ಎಂಜಿನಿಯರುಗಳ ಮಕ್ಕಳು, ಅವರಲ್ಲಿ ಕನ್ನಡದ ಮನೆಗಳ ಹೆಣ್ಣುಮಕ್ಕಳೂ ಸೇರಿ, ಶಾಲೆಯಲ್ಲಿ ಲಾರಾಳನ್ನೂ ಕ್ಯಾಸಿಯನ್ನೂ ಓದಿ ಬೆಳೆದರು. ಆದರೆ ಅವರಿಗೂ ಮುಂಚೆ, 20ನೇ ಶತಮಾನದ ಆರಂಭದಲ್ಲೇ, ಪಂಜಾಬಿನ ರೈತರು ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದರು. ದೆಹಲಿಯಲ್ಲಿ ಹುಟ್ಟಿದ ಉಮಾ ಕೃಷ್ಣಸ್ವಾಮಿ 2017ರಲ್ಲಿ ಬರೆದ 'ಸ್ಟೆಪ್ ಅಪ್ ಟು ದ ಪ್ಲೇಟ್, ಮರಿಯಾ ಸಿಂಗ್' ಅವರ ಮಕ್ಕಳ ಕತೆ. ಯೂಬಾ ಸಿಟಿ ಎಂಬ ಊರು, 1945ನೇ ಇಸವಿ. ಐದನೇ ತರಗತಿಯ ಮರಿಯಾಳಿಗೆ ಚೆಂಡಾಟದ ತಂಡ ಸೇರುವ ಹಂಬಲ. ಅಪ್ಪ ಪಂಜಾಬಿ, ಅಮ್ಮ ಮೆಕ್ಸಿಕೋದವಳು. ಇಂಥ ಸಂಸಾರಗಳು ಕ್ಯಾಲಿಫೋರ್ನಿಯಾದಲ್ಲಿ ನೂರಾರು ಇದ್ದವು. ಊರಿನಿಂದ ಹೆಂಡತಿಯನ್ನು ಕರೆಸಿಕೊಳ್ಳಲು ವಲಸೆ ಕಾನೂನು ಬಿಡುತ್ತಿರಲಿಲ್ಲ, ಬಿಳಿಯರನ್ನು ಮದುವೆಯಾಗಲು ರಾಜ್ಯದ ಕಾನೂನು ಬಿಡುತ್ತಿರಲಿಲ್ಲ.

ಮರಿಯಾಳ ಅಪ್ಪ ಉಳುವ ನೆಲ ಅವನದಲ್ಲ, ಅವನದಾಗುವಂತೆಯೂ ಇಲ್ಲ. ಪೌರತ್ವ ಪಡೆಯಲು ಅರ್ಹರಲ್ಲದ ವಿದೇಶೀಯರು ಕೃಷಿಭೂಮಿ ಹೊಂದುವಂತಿಲ್ಲವೆಂದು ಕ್ಯಾಲಿಫೋರ್ನಿಯಾ 1913ರಲ್ಲಿ ಕಾಯಿದೆ ಮಾಡಿತ್ತು. ಭಾರತೀಯರು ಬಿಳಿಯರಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲವೆಂದು ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1923ರಲ್ಲಿ ತೀರ್ಪಿತ್ತಿತ್ತು. ಹೀಗಾಗಿ ಎಷ್ಟೋ ಮಂದಿ ನಂಬಿಕಸ್ತ ಬಿಳಿಯರ ಹೆಸರಿನಲ್ಲಿ, ಇಲ್ಲವೇ ಅಮೆರಿಕದಲ್ಲೇ ಹುಟ್ಟಿ ಪೌರರಾದ ತಮ್ಮ ಮಕ್ಕಳ ಹೆಸರಿನಲ್ಲಿ ಜಮೀನು ಇಡಬೇಕಾಗಿತ್ತು. ಮರಿಯಾಳ ಅಪ್ಪ ಉಳುವ ಜಮೀನನ್ನು ಒಡೆಯ ಮಾರಲು ಹೊರಟಾಗ ಅವಳ ಮನೆಗೆ ಎದುರಾಗುವ ಸಂಕಟ ಇದು. ಕಾದಂಬರಿ 1945ರ ಆಚೆಗೆ ಹೋಗುವುದಿಲ್ಲ. ಮರುವರ್ಷ, 1946ರ ಜುಲೈ 2ರಂದು, ಅಧ್ಯಕ್ಷ ಟ್ರೂಮನ್ ಲೂಸ್-ಸೆಲ್ಲರ್ ಕಾಯಿದೆಗೆ ಸಹಿ ಹಾಕಿದರು. ಭಾರತೀಯರಿಗೆ ಪೌರತ್ವದ ಬಾಗಿಲು ತೆರೆಯಿತು, ಅದರೊಂದಿಗೆ ಸ್ವಂತ ಹೆಸರಿನಲ್ಲಿ ಜಮೀನು ಕೊಳ್ಳುವ ಹಕ್ಕೂ ಬಂತು. ಹೊಸದಾಗಿ ವಲಸೆ ಬರುವ ಭಾರತೀಯರಿಗೆ ಅದೇ ಕಾಯಿದೆ ಗೊತ್ತುಪಡಿಸಿದ ಮಿತಿ ವರ್ಷಕ್ಕೆ 100 ಮಂದಿ.